ಕಾಯಕವಂತರ ಒಡನಾಟ



ಕಾಯಕವೆಂಬ ಪದದ ಅರ್ಥವಿಚಾರವು ಈ ಪುಟಗಳಲ್ಲಿ ಅನೇಕ ಬಾರಿ ನಡೆದಿರುತ್ತದೆ. ಒಬ್ಬೊಬ್ಬನು ತನ್ನ ತನ್ನ ವೃತ್ತಿಯನ್ನು ಸತ್ಯಶುದ್ಧವಾಗಿ ನಡೆಯಿಸಬೇಕು, ಅದರಿಂದ ಬಂದುದನ್ನು ದಾಸೋಹಕ್ಕೆ ಸಲ್ಲಿಸಬೇಕು ಎಂಬಲ್ಲಿಗೆ ನಮ್ಮ ವಿವೇಚನೆಯು ಸಾಮಾನ್ಯವಾಗಿ ನಿಂತುಬಿಡುವುದು. ಆದರೆ ಒಬ್ಬ ಕಾಯಕವಂತನು ಮತ್ತೊಬ್ಬ ಕಾಯಕವಂತನೊಡನೆ ಹೇಗೆ ನಡೆದುಕೊಳ್ಳಬೇಕು? ಬಟ್ಟೆ ಮಡಿಮಾಡುವ ಮಾಚಿದೇವರಿಗೂ ಬುಟ್ಟಿ ಹೆಣೆಯುವ ಕೇತಯ್ಯನವರಿಗೂ ನಡುವೆ ಇದ್ದುದು ಎಂತಹ ನಂಟು? ಈ ಪ್ರಶ್ನೆಯನ್ನು ನಾವು ಕೇಳಿಕೊಳ್ಳುವುದು ಅಪರೂಪ. ಚಿಕ್ಕಮಗಳೂರು, ಮೂಡಿಗೆರೆ, ಕಳಸ ಎಂಬೀ ಕಾಫಿಯ ಬೆಟ್ಟಸೀಮೆಯಲ್ಲಿ ಸಣ್ಣ ಸಣ್ಣ ಅಂಗಡಿಗಳನ್ನಿಟ್ಟು ಬಾಳುವ ಭಕ್ತರು ಈಚೆಗೆ ಮಠಕ್ಕೆ ಬಂದಾಗಲೆಲ್ಲ ಒಂದೇ ಮಾತನ್ನಾಡುತ್ತಾರೆ: “ಮೇಷ್ಟ್ರೇ, ಈಗಿನ ಕಾಲಕ್ಕೆ ಬಂಡವಾಳಕ್ಕಿಂತ ಸಂಪರ್ಕ ಮುಖ್ಯ. ಸಂಪರ್ಕವಿದ್ದವನು ಗೆಲ್ಲುತ್ತಾನೆ, ಇಲ್ಲದವನು ಬಾಗಿಲು ಹಾಕುತ್ತಾನೆ.” ಮಾತು ಸುಳ್ಳಲ್ಲ. ಬಾಗಿಲು ಹಾಕಿದ ಅಂಗಡಿಗಳನ್ನು ನಾವೂ ಕಾಣುತ್ತಿದ್ದೇವೆ. ಆದಕಾರಣ ಈ ಸಂಪರ್ಕವೆಂಬುದು ಏನು, ಅದನ್ನು ಸಂಪಾದಿಸುವ ಬಗೆ ಯಾವುದು ಎಂಬುದನ್ನು ಶರಣರ ಬೆಳಕಿನಲ್ಲಿ ಕೊಂಚ ವಿಚಾರಿಸೋಣ.

ಪದದಿಂದಲೇ ಆರಂಭಿಸುವುದು ನಮ್ಮಂಥ ಪಾಠಶಾಲೆಯವರ ಅಭ್ಯಾಸ. ‘ಸಂಪರ್ಕ’ವು ಸಂಸ್ಕೃತದ ಪೃಚ್ ಎಂಬ ಧಾತುವಿನಿಂದ ಹುಟ್ಟಿದುದು, ಬೆರೆಯುವುದೆಂದು ಅದರ ಅರ್ಥ. ಹಾಲಿನಲ್ಲಿ ನೀರು ಬೆರೆತರೂ ಸಂಪರ್ಕವೇ, ಸಕ್ಕರೆ ಬೆರೆತರೂ ಸಂಪರ್ಕವೇ. ಬೆರೆತ ಮೇಲೆ ಹಾಲು ಏನಾಯಿತೆಂಬುದನ್ನು ಆ ಪದವು ಹೇಳುವುದಿಲ್ಲ. ಶರಣರು ಮೆಚ್ಚಿ ಬಳಸಿದ ಪದ ‘ಸಂಗ’. ಇದು ಸಂಜ್ ಧಾತುವಿನಿಂದ ಬಂದುದು. ಅಂಟಿಕೊಳ್ಳುವುದು, ಬಿಡದೆ ಹತ್ತಿಕೊಂಡಿರುವುದು ಎಂದರ್ಥ. ಸಂಪರ್ಕವು ಒಂದು ಗಳಿಗೆಯಲ್ಲಿ ಆಗಬಹುದು. ಸಂಗಕ್ಕೆ ಕಾಲ ಬೇಕು, ಮಳೆಗಾಲಗಳು ಬೇಕು, ಒಂದೆರಡು ನಷ್ಟಗಳೂ ಬೇಕು. ಈಗ ಸಂಪರ್ಕವೆಂದು ಹೆಸರು ಪಡೆದಿರುವುದರಲ್ಲಿ ಬಹುಪಾಲು ಹೆಸರು ಅಚ್ಚುಮಾಡಿಸಿದ ಚೀಟಿಗಳ ವಿನಿಮಯ, ಸಭೆಯಲ್ಲಿ ಮುಂದಿನ ಸಾಲಿನ ಕುರ್ಚಿ, ದೊಡ್ಡವರ ಮನೆಯ ಮದುವೆಯಲ್ಲಿ ಮುಖ ತೋರಿಸಿ ಬರುವುದು. ಇವುಗಳೊಡನೆ ಮೊಬೈಲಿನ ವಾಟ್ಸಾಪ್ ಗುಂಪುಗಳಲ್ಲಿ ಪ್ರಾತಃಕಾಲ ಹೂವಿನ ಚಿತ್ರವನ್ನು ಕಳುಹಿಸುವುದೂ ಸೇರಿಕೊಂಡಿದೆ. ಇವನ್ನು ನಿಂದಿಸಬೇಕಾಗಿಲ್ಲ, ಇವುಗಳಿಂದ ಕೇಡೂ ಇಲ್ಲ. ಆದರೆ ಇನ್ನೂರು ಜನರಿರುವ ಅಂತಹ ಗುಂಪಿನಲ್ಲಿ, ಪಕ್ಕದ ಬೀದಿಯ ಹೊಲಿಗೆಯವನು ಕಾಫಿ ಚೀಲವನ್ನು ಹೊಲಿಯಬಲ್ಲನೇ ಇಲ್ಲವೇ ಎಂಬುದು ಎಷ್ಟು ಮಂದಿಗೆ ಗೊತ್ತಿದೆ ಎಂದು ಕೇಳಿ ನೋಡಿರಿ.

ವ್ಯಾಪಾರಸ್ಥರ ಒಡನಾಟವು ನಮ್ಮ ನಾಡಿಗೆ ಹೊಸತಲ್ಲ. ಮೂಡಿಗೆರೆ ತಾಲ್ಲೂಕಿನಲ್ಲಿ ಅಂಗಡಿ ಎಂಬ ಊರೇ ಇದೆ. ಶಾಸನಗಳಲ್ಲಿ ಸೊಸೆವೂರೆಂದೂ ಶಶಕಪುರವೆಂದೂ ಕರೆಯಿಸಿಕೊಂಡ ಈ ಊರು ಹೊಯ್ಸಳರ ಮೂಲಸ್ಥಾನ. ವಾಸಂತಿಕಾದೇವಿಯ ಗುಡಿಯೂ ಜೈನ ಬಸದಿಗಳೂ ಅಲ್ಲಿ ಇಂದಿಗೂ ಇವೆ. ದ್ವಾರಸಮುದ್ರದ ಅರಮನೆ ನೆಲಸಮವಾಯಿತು, ಅಂಗಡಿ ಮಾತ್ರ ಉಳಿಯಿತು ಎಂದು ಪಾಠ ಹೇಳುವಾಗ ನಾವು ವಿನೋದಕ್ಕೆ ಹೇಳುವುದುಂಟು, ಹುಡುಗರು ನಗುತ್ತಾರೆ. ಆ ಹೊಯ್ಸಳರ ಕಾಲಕ್ಕೂ ಹಿಂದಿನಿಂದ ಅಯ್ಯಾವೊಳೆಯ ಐನೂರ್ವರೆಂಬ ವರ್ತಕ ಸಮೂಹವು ದಕ್ಷಿಣಾಪಥದಲ್ಲೆಲ್ಲ ಸಂಚರಿಸುತ್ತಿತ್ತು. ಇಂದಿನ ಐಹೊಳೆ ಅದರ ತವರು. ತಮ್ಮ ನಡಾವಳಿಗೆ ಅವರು ‘ವೀರಬಣಂಜುಧರ್ಮ’ವೆಂದು ಹೆಸರಿಟ್ಟುಕೊಂಡಿದ್ದರು, ವ್ಯಾಪಾರಕ್ಕೆ ಧರ್ಮವೆಂಬ ಪದವನ್ನು ಸೇರಿಸಲು ಅವರು ನಾಚಲಿಲ್ಲ. ಸಮುದ್ರದಾಚೆಯ ಸುಮಾತ್ರಾ ದ್ವೀಪದಲ್ಲಿ 1088ನೆಯ ಇಸವಿಯ ಒಂದು ತಮಿಳು ಶಾಸನವು ಇದೇ ಐನೂರ್ವರನ್ನು ಹೆಸರಿಸುತ್ತದೆ. ಕಂಡರಿಯದ ದೇಶದಲ್ಲಿ, ಕಂಡರಿಯದ ಜನರ ನಡುವೆ, ‘ಇವನು ಐನೂರ್ವರವನು’ ಎಂಬ ಒಂದು ಮಾತು ಸರಕಿಗೆ ಹೊಣೆಯಾಗುತ್ತಿತ್ತು. ಒಬ್ಬನು ಮೋಸಮಾಡಿದರೆ ಎಲ್ಲರ ಹೆಸರೂ ಕೆಡುತ್ತಿದ್ದುದರಿಂದಲೇ ಆ ಮಾತಿಗೆ ಬೆಲೆ.

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಸೇರಿದ ಶರಣರ ಪಟ್ಟಿಯನ್ನು ನೋಡಿದರೆ ಅದು ಒಂದು ಪೇಟೆಯ ಪಟ್ಟಿಯಂತೆ ತೋರುವುದು. ಗಾಣದ ಕಣ್ಣಪ್ಪ, ನುಲಿಯ ಚಂದಯ್ಯ, ಮಾದಾರ ಧೂಳಯ್ಯ, ಅಂಬಿಗರ ಚೌಡಯ್ಯ, ವೈದ್ಯ ಸಂಗಣ್ಣ, ತುರುಗಾಹಿ ರಾಮಣ್ಣ, ಸುಂಕದ ಬಂಕಣ್ಣ: ಹೆಸರಿನ ಮೊದಲಲ್ಲಿಯೇ ಕಸುಬು. ಇವರ ವಚನಗಳನ್ನು ಓದಿದವರಿಗೆ ಗೊತ್ತಿರುವ ಸಂಗತಿಯೆಂದರೆ, ಪ್ರತಿಯೊಬ್ಬರೂ ತಮ್ಮ ಅನುಭಾವವನ್ನು ತಮ್ಮ ತಮ್ಮ ಕಸುಬಿನ ನುಡಿಯಲ್ಲಿಯೇ ಹೇಳಿದರು. ಅಂಬಿಗರು ಹೊಳೆ ಹರಿಗೋಲುಗಳ ಮಾತಿನಲ್ಲಿ ಹೇಳಿದರೆ ಬಂಕಣ್ಣನವರು ಸುಂಕದ ಕಟ್ಟೆಯ ಮಾತಿನಲ್ಲಿ ಹೇಳಿದರು. ಹೇಳಿದವರ ಮಾತಾಯಿತು, ಕೇಳಿದವರ ವಿಷಯವನ್ನು ನಾವು ಯೋಚಿಸಿದ್ದೇವೆಯೆ? ಗಾಣದ ಮಾತು ತಿಳಿಯಬೇಕಾದರೆ ಕೇಳುವ ಅಂಬಿಗನು ಗಾಣವನ್ನು ಅರಿತಿರಬೇಕು. ಸುಂಕದ ಮಾತು ತಿಳಿಯಬೇಕಾದರೆ ದನ ಕಾಯುವವನಿಗೆ ಸುಂಕದ ಕಟ್ಟೆಯ ಪರಿಚಯವಿರಬೇಕು. ಆ ಅನುಭವಮಂಟಪದಲ್ಲಿ ಕುಳಿತವರು ಒಬ್ಬರ ಕಾಯಕವನ್ನು ಮತ್ತೊಬ್ಬರು ಒಳಹೊಕ್ಕು ತಿಳಿದವರಾಗಿದ್ದರೆಂದು ನಮಗೆ ತೋರುತ್ತದೆ. ನಾವು ಹುಡುಕುತ್ತಿರುವ ಜಾಣ್ಮೆಯು ಇದೇ. ತನ್ನ ಕಸುಬನ್ನು ಹೊಗಳಿಕೊಳ್ಳಲು ಎಲ್ಲರಿಗೂ ಬರುತ್ತದೆ. ನೆರೆಯವನ ಕಸುಬನ್ನು ಅವನ ನುಡಿಯಲ್ಲಿ ಕೇಳಿ, ಅರಿತು, ಅದನ್ನು ಮೂರನೆಯವನಿಗೆ ಸತ್ಯವಾಗಿ ಹೇಳಬಲ್ಲವನು ದುರ್ಲಭ.

ನಮ್ಮ ಬೆಟ್ಟಸೀಮೆಯಲ್ಲಿ ಈ ಅರಿವು ಏಕೆ ಅಷ್ಟು ಅವಶ್ಯವಾಯಿತೆಂಬುದಕ್ಕೆ ಒಂದು ಇತಿಹಾಸವಿದೆ. ಯುದ್ಧಕಾಲದಲ್ಲಿ, 1942ರ ಶಾಸನದ ಮೇರೆಗೆ, ಬೆಳೆಗಾರನು ತನ್ನ ಕಾಫಿಯನ್ನು ಕಾಫಿ ಮಂಡಳಿಯ ಪೂಲಿಗೆ ಒಪ್ಪಿಸಬೇಕಾಗಿತ್ತು. ಮಂಡಳಿಯು ಮಾರಿ, ಹಣವನ್ನು ಕಂತು ಕಂತಾಗಿ ಕೊಡುತ್ತಿತ್ತು. ಕಂತು ತಡವಾಯಿತೆಂದು ಗೊಣಗಿದವರು ಬಹಳ; ಆದರೆ ಕೊಳ್ಳುವವನಾರು, ದರವೆಷ್ಟು, ಅವನು ನಂಬಿಗಸ್ತನೇ ಎಂಬ ಚಿಂತೆಯು ಬೆಳೆಗಾರನಿಗೆ ಇರಲಿಲ್ಲ. 1992ರಿಂದ ಈ ಕಟ್ಟು ಹಂತಹಂತವಾಗಿ ಸಡಿಲಗೊಂಡು 1996ರಲ್ಲಿ ಪೂರ್ಣವಾಗಿ ಬಿಟ್ಟುಹೋಯಿತು. ಅಂದಿನಿಂದ ಎರಡು ಎಕರೆಯವನೂ ಪ್ರಪಂಚದ ಮಾರುಕಟ್ಟೆಯ ಎದುರಿಗೆ ಒಬ್ಬಂಟಿಯಾಗಿ ನಿಂತನು. 2001, 2002ರ ಸುಮಾರಿಗೆ ದರವು ಪಾತಾಳಕ್ಕಿಳಿದಾಗ ಕಾಫಿಯನ್ನು ಕೊಯ್ಯುವ ಕೂಲಿಯೂ ಹುಟ್ಟದ ತೋಟಗಳಿದ್ದುವು. 2024, 2025ರಲ್ಲಿ ದರವು ಹಿಂದೆಂದೂ ಕಾಣದಷ್ಟು ಏರಿತು. ಇಳಿದಾಗಲೂ ಏರಿದಾಗಲೂ ಪೇಟೆಯ ಸಣ್ಣ ಅಂಗಡಿಯವನು ತೋಟದವನ ಬೆನ್ನಿಗೆ ಕಟ್ಟಿದ ಬುತ್ತಿಯಂತೆ ಜೊತೆಯಲ್ಲಿಯೇ ಇಳಿದು ಏರಿದನು.

ಕಾಫಿಯ ವ್ಯಾಪಾರದಲ್ಲಿ ‘ಓಟಿ’ ಎಂಬ ಒಂದು ಮಾತು ಉಂಟು. ಬೆಟ್ಟದ ಹೊರಗಿನ ವಾಚಕರಿಗಾಗಿ ಹೇಳುವುದಾದರೆ, ಒಣಗಿಸಿದ 50 ಕೆ.ಜಿ. ಚೆರ್ರಿಯ ಸಿಪ್ಪೆಯನ್ನು ಕಳೆದಾಗ ಎಷ್ಟು ಕೆ.ಜಿ. ಕಾಫಿ ಬೀಜ ದೊರೆಯುವುದೋ ಅದೇ ಅದರ ಓಟಿ. 26 ದೊರೆತರೆ ಓಟಿ 26, 27 ದೊರೆತರೆ 27. ದರವು ಅದರ ಮೇಲೆಯೇ ನಿಲ್ಲುವುದು. ಚೀಲಕ್ಕೆ ಒಂದೇ ಕೆ.ಜಿ.ಯ ವ್ಯತ್ಯಾಸವೆಂದು ತೋರಬಹುದು. ನೂರು ಚೀಲಕ್ಕೆ ಅದು ನೂರು ಕೆ.ಜಿ. ಬೀಜವಾಗುತ್ತದೆ. ಸಣ್ಣ ಬೆಳೆಗಾರನ ಕೈಯಲ್ಲಿ ಅದನ್ನು ಪರೀಕ್ಷಿಸುವ ಸಾಧನ ಸಾಮಾನ್ಯವಾಗಿ ಇರುವುದಿಲ್ಲ; ಕೊಳ್ಳುವವನು ಒಂದು ಹಿಡಿ ತೆಗೆದು, ಸುಲಿದು, ತೂಗಿ, ತೇವವನ್ನು ನೋಡಿ ಹೇಳಿದುದೇ ಲೆಕ್ಕ. ಇಲ್ಲಿ ಬಸವಾದಿ ಪ್ರಮಥರ ಮಾತು ಪರೀಕ್ಷೆಗೆ ಬರುವುದು. ಬೆಳೆಗಾರನ ಕಣ್ಣೆದುರಿಗೆ ಮಾದರಿಯನ್ನು ತೆಗೆದು, ತಕ್ಕಡಿಯ ಮುಳ್ಳನ್ನು ಅವನ ಕಡೆಗೆ ತಿರುಗಿಸಿ, ‘ನೀವೇ ಓದಿರಿ’ ಎನ್ನುವ ವ್ಯಾಪಾರಿಯು ಆ ಒಂದು ಕ್ರಿಯೆಯಿಂದ ಸಂಪಾದಿಸುವ ಸಂಗವನ್ನು ನೂರು ಸಭೆಗಳು ತಂದುಕೊಡಲಾರವು. ಏಕೆಂದರೆ ಆ ಬೆಳೆಗಾರನು ಕಣದಲ್ಲಿ, ಬಸ್ಸಿನಲ್ಲಿ, ಸಂತೆಯಲ್ಲಿ ಆ ಮಾತನ್ನು ಹೇಳದೆ ಇರಲಾರನು. ಬೆಟ್ಟದಲ್ಲಿ ಜನ ವಿರಳ, ಮಾತು ದಟ್ಟ.

ನುಲಿಯ ಚಂದಯ್ಯನವರ ಕಥೆಯನ್ನು ಇಲ್ಲಿ ನೆನೆಯಬಹುದು. ಹುಲ್ಲನ್ನು ಕೊಯ್ದು ಹಗ್ಗ ಹೊಸೆದು ಮಾರುವುದು ಅವರ ಕಾಯಕ. ಹಗ್ಗಕ್ಕೆ ನ್ಯಾಯವಾದ ಬೆಲೆಗಿಂತ ಎಷ್ಟೋ ಪಾಲು ಹೆಚ್ಚಿನ ಹಣ ಬಂದಾಗ, ಕೊಟ್ಟವರು ಸಾಕ್ಷಾತ್ ಬಸವಣ್ಣನವರೇ ಆಗಿದ್ದರೂ ಚಂದಯ್ಯನವರು ಒಪ್ಪಲಿಲ್ಲ, ಹೆಚ್ಚಿನದನ್ನು ಮರಳಿಸಿದರೆಂದು ಪರಂಪರೆಯು ಹೇಳುತ್ತದೆ. ಈ ಕಥೆಯನ್ನು ನಿರ್ಲೋಭದ ದೃಷ್ಟಾಂತವಾಗಿ ಮಾತ್ರ ನೋಡುವುದು ವಾಡಿಕೆ. ನಮಗೆ ಅದರಲ್ಲಿ ಮತ್ತೊಂದು ಅರ್ಥವೂ ಕಾಣುತ್ತದೆ. ಬೆಲೆಗಿಂತ ಹೆಚ್ಚು ಕೊಡುವವನು ನಾಳೆ ಏನನ್ನೋ ನಿರೀಕ್ಷಿಸಬಹುದು. ಪಡೆದವನು ಅವನೆದುರಿಗೆ ತಲೆಯೆತ್ತಿ ಮಾತನಾಡಲಾರನು. ಸಮನಾದ ಲೆಕ್ಕವಿದ್ದಲ್ಲಿ ಸಮನಾದ ಒಡನಾಟ.

ಇನ್ನು ಉದ್ರಿಯ ಮಾತು. ತೋಟಗಳಲ್ಲಿ ಬಟವಾಡೆಯ ಮರುದಿನ ಸಂತೆ. ಕೂಲಿಯವರ ಕೈಯಲ್ಲಿ ದುಡ್ಡು ಬಂದಾಗ ದಿನಸಿಯ ಅಂಗಡಿಯ ಹಿಂದಿನ ವಾರದ ಬಾಕಿ ತೀರುವುದು. ತೋಟದವನಾದರೋ ಬೆಳೆ ಮಾರಿದಾಗ ಗೊಬ್ಬರದವನ, ಜೀಪಿನವನ, ಪಂಪು ದುರಸ್ತಿಯವನ ಬಾಕಿಯನ್ನು ತೀರಿಸುವನು. ಅರೇಬಿಕಾ ಕೊಯ್ಲು ಮಾರ್ಗಶಿರದ ಸುಮಾರಿಗೆ, ರೋಬಸ್ಟಾ ಅದರ ಹಿಂದೆ. ಮಧ್ಯೆ ಉಳಿದ ತಿಂಗಳುಗಳೆಲ್ಲ ನಂಬಿಕೆಯ ಮೇಲೆ ನಡೆಯುವ ತಿಂಗಳುಗಳು. ದರ ಇನ್ನೂ ಏರಲೆಂದು ತೋಟದವನು ಚೀಲಗಳನ್ನು ಗೋದಾಮಿನಲ್ಲಿ ಕೂಡಿಹಾಕಿದನೆನ್ನಿ. ಅದು ಅವನ ಹಕ್ಕು, ತಪ್ಪಲ್ಲ. ಆದರೆ ಗೊಬ್ಬರದ ಅಂಗಡಿಯವನಿಗೆ ಒಂದು ಮಾತನ್ನೂ ಹೇಳದೆ ಕೂಡಿಹಾಕಿದರೆ, ಅವನು ಚಿಕ್ಕಮಗಳೂರಿನ ಸಗಟು ವ್ಯಾಪಾರಿಗೆ ಹೇಳಿದ ವಾಯಿದೆ ಸುಳ್ಳಾಗುತ್ತದೆ. ಮುಂದಿನ ಸಲ ಅವನಿಗೆ ಸರಕು ಬಾರದು. ಮಳೆಗೆ ಮುನ್ನ ಗೊಬ್ಬರ ಬೇಕಾದ ಬಡ ಬೆಳೆಗಾರನು ಬರಿಗೈಯಲ್ಲಿ ಹಿಂದಿರುಗುವನು. ಒಬ್ಬನು ಹೇಳದೆ ಉಳಿಸಿದ ಒಂದು ಮಾತು ನಾಲ್ಕನೆಯವನ ತೋಟದಲ್ಲಿ ಹಸಿವಾಗಿ ಕಾಣಿಸಿಕೊಳ್ಳುತ್ತದೆ. ಬಾಕಿಯನ್ನು ತೀರಿಸಲಾಗದ ದಿನ ಬೀದಿ ಬದಲಿಸಿ ನಡೆಯುವವರು ಬಹಳ. ಅಂದೇ ಆ ಅಂಗಡಿಯ ಮೆಟ್ಟಿಲನ್ನು ಹತ್ತಿ, ‘ಅಣ್ಣಾ, ಈ ತಿಂಗಳು ಆಗದು, ಶಿವರಾತ್ರಿಗೆ ಕೊಡುತ್ತೇನೆ’ ಎಂದು ಹೇಳುವುದು ಸಂಪರ್ಕಕೌಶಲದ ಕಠಿಣವಾದ ಪಾಠ. ವಿದ್ಯಾವಂತರು ಬೇರೆ ಬೇರೆ ಹೆಸರುಗಳಿಂದ ಕಲಿಸುವ ಪಾಠಗಳೆಲ್ಲ ಇದರ ಮುಂದೆ ಸುಲಭ.

ದೊಡ್ಡ ಆಶ್ರಯವೊಂದು ದೊರೆತಾಗ ನೆರೆಯವರನ್ನು ಮರೆಯುವುದೂ ಮನುಷ್ಯಸ್ವಭಾವವೇ. ಕುದುರೆಮುಖದಲ್ಲಿ 1976ರಲ್ಲಿ ಸ್ಥಾಪಿತವಾದ ಕಬ್ಬಿಣದ ಅದಿರಿನ ಕಂಪೆನಿಯು ಬೆಟ್ಟದ ಮಡಿಲಲ್ಲಿ ಒಂದು ಪಟ್ಟಣವನ್ನೇ ಕಟ್ಟಿತು. ಸಂಬಳದ ದಿನ ತಪ್ಪದೆ ಬರುತ್ತಿತ್ತು. ಆ ಸಂಬಳವನ್ನು ನಂಬಿ ಸುತ್ತಲೂ ಅಂಗಡಿಗಳಾದುವು. ಸರ್ವೋಚ್ಚ ನ್ಯಾಯಾಲಯದ ಆದೇಶದಂತೆ 2005ರ ಡಿಸೆಂಬರ್ 31ಕ್ಕೆ ಗಣಿಗಾರಿಕೆ ನಿಂತಿತು. ಕಾಡಿಗೂ ಭದ್ರೆಗೂ ಅದು ಒಳ್ಳೆಯದೇ ಆಯಿತೆಂದು ನಾವು ನಂಬಿದ್ದೇವೆ. ಆದರೆ ನೌಕರರ ಕುಟುಂಬಗಳು ಹೊರಟುಹೋದ ಮೇಲೆ ಆ ಒಂದೇ ಬಾಗಿಲನ್ನು ನಂಬಿದ್ದ ಅಂಗಡಿಯವರ ಗತಿ ಏನಾಗಿರಬೇಕೆಂಬುದನ್ನು ಊಹಿಸಿಕೊಳ್ಳಬಹುದು. ಇಂದು ವಾರದ ಕೊನೆಗೆ ಮೈದಾನದ ಕಡೆಯಿಂದ ಕಾರುಗಳಲ್ಲಿ ಬಂದಿಳಿಯುವ ಪ್ರವಾಸಿಗರನ್ನು ಕಂಡು ಕೆಲವರು ಅದೇ ಬಗೆಯ ಭರವಸೆಯಲ್ಲಿದ್ದಾರೆ. 2019ರ ಆಗಸ್ಟಿನಲ್ಲಿ ಮೂಡಿಗೆರೆಯ ಬೆಟ್ಟಗಳು ಕುಸಿದು ಚಾರ್ಮಾಡಿ ಘಟ್ಟದ ದಾರಿ ಮುಚ್ಚಿದಾಗ, ಮರುವರ್ಷ ಸಾಂಕ್ರಾಮಿಕ ರೋಗದಿಂದ ಊರೂರೇ ಬಾಗಿಲು ಹಾಕಿದಾಗ, ಪ್ರವಾಸಿಗರು ಎಲ್ಲಿದ್ದರು? ಅಂಗಡಿಗೆ ಬಂದವರು ನೆರೆಯವರೇ.

ಪ್ರವಾಸಿಗರ ಮಾತು ಬಂದುದರಿಂದ ಕಮಿಷನ್ನಿನ ವಿಷಯವನ್ನು ಬಿಡುವಂತಿಲ್ಲ. ಭಕ್ತರು ಇದನ್ನು ಸಂಕೋಚದಿಂದ ಕೇಳುತ್ತಾರೆ. ಹೋಂಸ್ಟೇ ನಡೆಸುವವನನ್ನು ಅತಿಥಿಯು, ಒಳ್ಳೆಯ ಕಾಫಿಪುಡಿ ಎಲ್ಲಿ ಸಿಗುತ್ತದೆ, ಜೇನು ಯಾರಲ್ಲಿದೆ, ಜೀಪು ಯಾರದು ಎಂದು ಕೇಳುವನು. ಇವನು ಒಬ್ಬರ ಹೆಸರನ್ನು ಹೇಳುವನು, ಆ ಅಂಗಡಿಯವನು ಇವನಿಗೆ ಇಷ್ಟೆಂದು ಕೊಡುವನು. ಇದು ಕಾಯಕವೇ? ನಮ್ಮ ಅಭಿಪ್ರಾಯವನ್ನು ಸ್ಪಷ್ಟವಾಗಿ ಹೇಳುತ್ತೇವೆ. ದಾರಿ ತೋರಿಸುವುದೂ ಒಂದು ದುಡಿಮೆ. ಅದಕ್ಕೆ ಬಹಿರಂಗವಾಗಿ ನಿಶ್ಚಯಿಸಿದ ಕೂಲಿಯನ್ನು ಪಡೆಯುವುದರಲ್ಲಿ ದೋಷವಿಲ್ಲ. ಆದರೆ ಅತಿಥಿಗೆ ಹೇಳಲಾಗದ ಕೂಲಿಯು ಅತಿಥಿಯ ಚೀಲದಿಂದಲೇ ಬಂದುದೆಂದು ತಿಳಿಯಬೇಕು. ಹೆಚ್ಚು ಕೊಡುವವನ ಪುಡಿ ಕೀಳಾಗಿದ್ದರೂ ಅವನ ಹೆಸರನ್ನೇ ಹೇಳುವ ನಾಲಗೆಯು, ಕೊಡದಿದ್ದರೂ ಒಳ್ಳೆಯ ಪುಡಿಯನ್ನು ಮಾಡುವ ಹೆಂಗಸಿನ ಅಂಗಡಿಯನ್ನು ಮುಚ್ಚಿಸುತ್ತದೆ. ಹೇಳುವ ಶಿಫಾರಸು ಸತ್ಯವಾಗಿದ್ದರೆ ಮಾತ್ರ ಅದು ಬಂಡವಾಳ. ಎರಡು ಬಾರಿ ಸುಳ್ಳಾದ ಶಿಫಾರಸನ್ನು ಮೂರನೆಯ ಬಾರಿ ಯಾರೂ ಕೇಳುವುದಿಲ್ಲ.

ಕಾಫಿಪುಡಿಗೆ ಚಿಕೋರಿ ಬೆರೆಸುವುದನ್ನು ಶಾಸನವೇ ಒಪ್ಪುತ್ತದೆ. ಆದರೆ ಕಾಫಿ ನೂರಕ್ಕೆ 51ಕ್ಕಿಂತ ಕಡಮೆಯಿರಬಾರದು, ಎಷ್ಟೆಷ್ಟು ಬೆರೆಸಿದೆಯೆಂಬುದನ್ನು ಪೊಟ್ಟಣದ ಮೇಲೆ ಬರೆಯಬೇಕು. ಚಿಕೋರಿ ಬೇಕೆನ್ನುವವರು ಅನೇಕರಿದ್ದಾರೆ, ಅವರ ನಾಲಗೆಯನ್ನು ನಾವು ತಿದ್ದಲು ಹೋಗುವುದಿಲ್ಲ. ಬರೆಯದೆ ಬೆರೆಸುವುದೇ ಪಾಪ. 2019ರಲ್ಲಿ ಚಿಕ್ಕಮಗಳೂರು ಅರೇಬಿಕಾ, ಬಾಬಾಬುಡನ್‌ಗಿರಿ ಅರೇಬಿಕಾ ಎಂಬ ಹೆಸರುಗಳಿಗೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ಎಂದರೆ ಆ ಹೆಸರು ಯಾವನೊಬ್ಬನ ಸ್ವತ್ತೂ ಅಲ್ಲ, ಸೀಮೆಯವರೆಲ್ಲರ ಸ್ವತ್ತು. ಬಾಬಾ ಬುಡನ್ನರು ಅರಬರ ನಾಡಿನಿಂದ ಏಳು ಬೀಜಗಳನ್ನು ತಂದು ಬಿತ್ತಿದರೆಂಬ ಐತಿಹ್ಯವಿದೆಯಷ್ಟೆ. ಒಬ್ಬ ಸಂತರು ತಂದುದನ್ನು ಸಾವಿರಾರು ಕೈಗಳು ಬೆಳೆಸಿ ಹೆಸರಾಯಿತು. ಅಯ್ಯಾವೊಳೆಯ ಐನೂರ್ವರ ಹೆಸರಿನಂತೆಯೇ ಇದನ್ನೂ ಒಬ್ಬನೇ ಕೆಡಿಸಬಲ್ಲನು. ಹೀಗಿರಲಾಗಿ ನೆರೆಯ ಅಂಗಡಿಯವನ ಪುಡಿ ಹೇಗಿದೆಯೆಂಬುದು ನನಗೇಕೆ ಎನ್ನುವಂತಿಲ್ಲ.

ಆಯ್ದಕ್ಕಿ ಮಾರಯ್ಯನವರ ಪತ್ನಿ ಲಕ್ಕಮ್ಮನವರು ನಮಗೆ ಬೇಕಾಗುವುದು ಇಲ್ಲಿ. ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನಾಯ್ದು ತಂದು ದಾಸೋಹ ನಡೆಸುತ್ತಿದ್ದ ಮಾರಯ್ಯನವರು ಒಂದು ದಿನ ನಿತ್ಯದ ಪ್ರಮಾಣಕ್ಕಿಂತ ಹೆಚ್ಚು ತಂದರು. ಲಕ್ಕಮ್ಮನವರು ಅದನ್ನು ಒಲೆಯ ಬಳಿಗೆ ಬಿಡಲಿಲ್ಲ. ಹೆಚ್ಚಾದುದನ್ನು ತೆಗೆದುಕೊಂಡು ಹೋಗಿ ಅಲ್ಲಿಯೇ ಸುರಿದು ಬರಬೇಕೆಂದರು. ಮಾರಯ್ಯನವರು ಸುರಿದು ಬಂದರು. ಮಾತನಾಡಿದ ಹೆಂಡತಿಯ ಧೈರ್ಯವನ್ನು ನಾವೆಲ್ಲ ಹೊಗಳುತ್ತೇವೆ, ಅದು ಯುಕ್ತವೇ. ಕೇಳಿದ ಗಂಡನ ಯೋಗ್ಯತೆಯನ್ನೂ ನೋಡಬೇಕಲ್ಲವೆ? ವ್ಯಾಪಾರಸ್ಥರು ಕೂಡಿದಲ್ಲೆಲ್ಲ ಪರಸ್ಪರ ಪ್ರಶಂಸೆಯೇ ನಡೆಯುತ್ತದೆ. ನಿಮ್ಮಂಥವರಿಲ್ಲ ಎಂದು ಇವರು, ನಿಮ್ಮಂಥವರಿಲ್ಲ ಎಂದು ಅವರು. ಅಂತಹ ಕೂಟದಲ್ಲಿ ಹತ್ತು ವರ್ಷ ಕುಳಿತರೂ ಒಬ್ಬನ ತಕ್ಕಡಿಯೂ ನೆಟ್ಟಗಾಗದು. ಯಾವ ಕೂಟದಲ್ಲಿ ಒಬ್ಬರಾದರೂ ‘ಈ ಅಕ್ಕಿ ಹೆಚ್ಚಾಯಿತು’ ಎಂದು ಹೇಳಬಲ್ಲರೋ, ಹೇಳಿದವರು ಮರುದಿನವೂ ಅಲ್ಲಿ ಕುಳಿತುಕೊಳ್ಳಬಲ್ಲರೋ, ಅಲ್ಲಿಗೆ ಸೇರುವುದು ಲೇಸು. ಸ್ವಸಹಾಯ ಸಂಘಗಳ ಹೆಣ್ಣುಮಕ್ಕಳು ವಾರಕ್ಕೊಮ್ಮೆ ಕುಳಿತು, ಎಲ್ಲರೆದುರಿಗೆ ಉಳಿತಾಯದ ಪುಸ್ತಕವನ್ನು ಬಿಚ್ಚಿ, ಕಂತು ಕಟ್ಟದವಳನ್ನು ಏಕೆಂದು ಕೇಳುವುದನ್ನು ನೋಡಿದಾಗ, ಅಂಗಡಿಯ ಗಂಡಸರು ಅವರಿಂದ ಕಲಿಯಬೇಕಾದುದು ಬಹಳವಿದೆಯೆಂದು ಅನ್ನಿಸುತ್ತದೆ.

1905ನೆಯ ಇಸವಿಯು ಈ ವಿಷಯದಲ್ಲಿ ಸ್ಮರಣೀಯವಾದುದು. ಆ ವರ್ಷ ಗದುಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಊರವರನ್ನು ಕೂಡಿಸಿ, ಹಿಂದಿನ ವರ್ಷ ಬಂದಿದ್ದ ಶಾಸನದ ಮೇರೆಗೆ, ಸಹಕಾರ ಸಂಘವನ್ನು ಕಟ್ಟಿದರು. ಭಾರತದ ಮೊದಲನೆಯ ಕೃಷಿ ಸಹಕಾರ ಸಂಘವೆಂದು ಅದು ಪ್ರಸಿದ್ಧವಾಗಿದೆ. ಅದೇ ವರ್ಷದ ಫೆಬ್ರವರಿಯಲ್ಲಿ ಅಮೇರಿಕಾ ದೇಶದ ಶಿಕಾಗೋ ನಗರದಲ್ಲಿ ಪಾಲ್ ಹ್ಯಾರಿಸ್ ಎಂಬ ವಕೀಲರು ಒಬ್ಬ ಕಲ್ಲಿದ್ದಲ ವ್ಯಾಪಾರಿ, ಒಬ್ಬ ಗಣಿ ಇಂಜಿನಿಯರು, ಒಬ್ಬ ಉಡುಪಿನ ವ್ಯಾಪಾರಿ ಇವರೊಡನೆ ಕುಳಿತು ಒಂದು ಕೂಟವನ್ನು ಆರಂಭಿಸಿದರು. ಸಭೆಯು ಒಬ್ಬೊಬ್ಬರ ಕಚೇರಿಯಲ್ಲಿ ಸರದಿಯಂತೆ ಸುತ್ತುತ್ತಿದ್ದುದರಿಂದ ಅದಕ್ಕೆ ರೋಟರಿ ಎಂದು ಹೆಸರಾಯಿತು. ಒಬ್ಬೊಬ್ಬರ ಕೆಲಸದ ಜಾಗಕ್ಕೇ ಹೋಗಿ ಕುಳಿತುಕೊಳ್ಳುವುದು ಎಷ್ಟು ಒಳ್ಳೆಯ ಯೋಚನೆ! ಅವನ ಮೇಜು, ಅವನ ಸರಕು, ಅವನ ಕಷ್ಟ ಇವೆಲ್ಲ ಕಣ್ಣಿಗೆ ಕಾಣುತ್ತವೆ. ನಮ್ಮ ‘ಜಂಗಮ’ ಶಬ್ದದ ಮೂಲದಲ್ಲಿ ಗಮ್ ಧಾತುವಿದೆ, ಬಿಡದೆ ಸಂಚರಿಸುವುದು. ಒಂದೆಡೆ ಕಟ್ಟಿದ ಸಂಘದ ಕಟ್ಟಡಕ್ಕಿಂತ ಸಂಚರಿಸುವ ಗೋಷ್ಠಿಯು ಶರಣರ ಮನಸ್ಸಿಗೆ ಹತ್ತಿರವೆಂದು ಹೇಳಿದರೆ ತಪ್ಪಾಗಲಾರದು.

ಆದುದರಿಂದ ನಮ್ಮ ಸೂಚನೆಯೊಂದುಂಟು. ಮಠಗಳಲ್ಲಿ ತಿಂಗಳಿಗೊಮ್ಮೆ ಶಿವಾನುಭವ ಗೋಷ್ಠಿ ನಡೆಯುವುದು ಹಲವೆಡೆ ರೂಢಿಯಲ್ಲಿದೆ. ಪ್ರಸಾದವಾದ ಮೇಲೆ ವ್ಯಾಪಾರಸ್ಥರು ಅರ್ಧ ಗಂಟೆ ಹೆಚ್ಚಾಗಿ ಕುಳಿತುಕೊಳ್ಳಲಿ. ಮುಂದಿನ ತಿಂಗಳು ಒಬ್ಬರ ಅಂಗಡಿಯಲ್ಲಿಯೇ ಸೇರಲಿ. ಜಾತಿ ಮತಗಳನ್ನು ಕೇಳುವ ಮಾತೇ ಬೇಡ, ಕಲ್ಯಾಣದಲ್ಲಿ ಕೇಳಲಿಲ್ಲ. ಅಂದು ಭಾಷಣ ಬೇಡ, ಹಾರ ಬೇಡ. ಒಬ್ಬನು ತನ್ನ ಕಸುಬನ್ನು ವಿವರಿಸಲಿ: ನಾನು ಏನನ್ನು ಚೆನ್ನಾಗಿ ಮಾಡಬಲ್ಲೆ, ಏನನ್ನು ಮಾಡಲಾರೆ, ಯಾವ ತಿಂಗಳಲ್ಲಿ ನನಗೆ ಕೆಲಸವಿಲ್ಲ, ಯಾವ ತಿಂಗಳಲ್ಲಿ ಕೈಸಾಲದು. ಎರಡನೆಯ ಪ್ರಶ್ನೆಗೆ ಉತ್ತರ ಹೇಳುವುದು ಕಷ್ಟ, ಅದೇ ಮುಖ್ಯವಾದುದು. ಹೂಮಳೆ ತಪ್ಪಿದ ವರ್ಷ ರೋಬಸ್ಟಾ ತೋಟಕ್ಕೆ ತುಂತುರು ನೀರು ಹಾಯಿಸುವಾಗ ಪಂಪು ಕೆಟ್ಟಿತೆಂದಿಟ್ಟುಕೊಳ್ಳಿ. ಮೊಗ್ಗು ಕಾದಿರುವುದು ಕೆಲವೇ ದಿನ. ದುರಸ್ತಿಯವನು ‘ಈ ಯಂತ್ರ ನನಗೆ ಬಾರದು, ಕೊಟ್ಟಿಗೆಹಾರದ ಕಡೆಯ ಇಂಥವನಿಗೆ ಬರುತ್ತದೆ, ನಾನೇ ಫೋನು ಮಾಡುತ್ತೇನೆ’ ಎಂದರೆ ಆ ವರ್ಷದ ಫಸಲು ಉಳಿಯಿತು. ಗಿರಾಕಿಯನ್ನು ಕಳೆದುಕೊಳ್ಳಬಾರದೆಂದು ತನಗೆ ಬಾರದುದನ್ನು ಬಿಚ್ಚಿಹಾಕಿ ನಾಲ್ಕು ದಿನ ಕೂತರೆ, ಫಸಲೂ ಹೋಯಿತು, ಗಿರಾಕಿಯೂ ಹೋದನು.

ಗೋಷ್ಠಿಗೆ ಯಾರನ್ನು ಕರೆಯಬೇಕೆಂಬಲ್ಲಿ ಒಂದು ತೊಡಕು ಬರುವುದನ್ನು ಬಲ್ಲೆವು. ನಮ್ಮ ಪೇಟೆಗಳಲ್ಲಿ ದೂರದ ರಾಜ್ಯಗಳಿಂದ ಬಂದು ಅಂಗಡಿಯಿಟ್ಟವರಿದ್ದಾರೆ. ತೋಟಗಳಲ್ಲಿ ಅಸ್ಸಾಮಿನಿಂದ ಬಂದು ದುಡಿಯುವವರಿದ್ದಾರೆ. ಅವರು ಹೊರಗಿನವರು, ಅವರನ್ನು ಸೇರಿಸಿಕೊಂಡರೆ ನಮ್ಮವರ ಗತಿಯೇನು ಎಂದು ಕೆಲವರು ಕೇಳಿದ್ದಾರೆ. ವಚನಕಾರರಲ್ಲಿ ಒಬ್ಬರಾದ ಆದಯ್ಯನವರು ಸೌರಾಷ್ಟ್ರದ ವರ್ತಕರು. ವ್ಯಾಪಾರಕ್ಕೆಂದು ಪುಲಿಗೆರೆಗೆ ಬಂದರು, ಕನ್ನಡವನ್ನು ತಮ್ಮದಾಗಿಸಿಕೊಂಡರು, ಆ ಊರಿನ ಸೋಮನಾಥ ದೇವಾಲಯದ ಕಥೆಯಲ್ಲಿ ಅವರ ಹೆಸರು ಸೇರಿಹೋಗಿದೆ. ಅವರ ಮಾತೃಭಾಷೆ ಯಾವುದಾಗಿತ್ತೆಂದು ಇಂದು ಅವರ ವಚನವನ್ನು ಓದುವವರು ಯಾರೂ ಕೇಳುವುದಿಲ್ಲ. ಹಾರ್ಡ್‌ವೇರ್ ಅಂಗಡಿಯ ಆ ಮಾರವಾಡಿ ಸಜ್ಜನನನ್ನೂ ಕರೆಯಿರಿ. ಅವನಿಗೆ ಸಗಟು ಬೆಲೆಯ 2–3 ದಾರಿಗಳು ತಿಳಿದಿರುತ್ತವೆ. ನಿಮಗೆ ಯಾವ ತೋಟದವನು ಯಾವಾಗ ಬಾಕಿ ತೀರಿಸುವನೆಂಬುದು ತಿಳಿದಿರುತ್ತದೆ. ಎರಡೂ ಒಂದೇ ಚಾಪೆಯ ಮೇಲೆ ಕುಳಿತರೆ ಇಬ್ಬರಿಗೂ ಲಾಭ. ಅವನು ಕನ್ನಡದಲ್ಲಿ ತಡವರಿಸಿದರೆ ನಗಬಾರದು, ಅಷ್ಟೆ.

ಕಾಲದ ವಿಷಯದಲ್ಲಿ ಒಂದು ಎಚ್ಚರ ಬೇಕು. ಮಠಗಳಲ್ಲಿ ಶ್ರಾವಣವು ಪ್ರವಚನದ ಮಾಸ; ಆದರೆ ಬೆಟ್ಟದಲ್ಲಿ ಅದು ಮಳೆಯ ಮಾಸ. ಭದ್ರೆ ತುಂಬಿ ಹರಿದು ಕಳಸದ ಬಳಿಯ ಹೆಬ್ಬಾಳೆ ಸೇತುವೆ ಮುಳುಗಿ ಹೊರನಾಡಿನ ದಾರಿ ನಿಂತ ದಿನಗಳನ್ನು ಅಲ್ಲಿಯವರು ಬಲ್ಲರು. ಕೊಯ್ಲಿನ ತಿಂಗಳುಗಳಲ್ಲಿ ಯಾರಿಗೂ ಬಿಡುವಿರದು. ಉಳಿದುದು ಯುಗಾದಿಯಿಂದ ಮೃಗಶಿರದವರೆಗಿನ ಕಾಲ. ಮೊದಲನೆಯ ಗೋಷ್ಠಿಯನ್ನು ಚಿಕ್ಕಮಗಳೂರಿನವರು ನಡೆಸಲಿ, ಎರಡನೆಯದು ಮೂಡಿಗೆರೆಯಲ್ಲಾಗಲಿ. ಕಳಸದ್ದು ಮಾತ್ರ ಮಳೆ ಹಿಡಿಯುವುದಕ್ಕೆ ಮುನ್ನ ಮುಗಿಯಬೇಕು. ದೂರದಿಂದ ಹೋಗುವವರು ಕಡೆಯ ಬಸ್ಸಿನ ವೇಳೆಯನ್ನು ವಿಚಾರಿಸಿಕೊಂಡು ಹೊರಡುವುದು ಒಳ್ಳೆಯದು.